ನೇತ್ರಾಣಿಯ ಹವಳದ ಮೇಲೆ ಲಂಗರು ಬೇಡ

ಮಾನ್ಯರೇ,

ಮುರುಡೇಶ್ವರದಿಂದ ನೇತ್ರಾಣಿಗೆ ಹೋಗುವ ಬೋಟುಗಳು ಹವಳವಿರುವ ಕಡೆ ಲಂಗರು ಬಿಡುವುದು ಪೂರ್ತಿ ನಿಲ್ಲಬೇಕು. ಬೋಟು ಕಟ್ಟಲು ದ್ವೀಪದ ಸುತ್ತ ಸಾಕಷ್ಟು ಕಾಯಂ ಬೋಯ್‌ಗಳಿರಬೇಕು (ತಳಕ್ಕೆ ಬಿಗಿದ ತೇಲುಬುರುಡೆಗಳು).

ಲಕ್ಷದ್ವೀಪದಲ್ಲಿ ಹವಳವೇ ನೆಲ ಕಟ್ಟಿದೆ. ದಡದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿಯಲ್ಲಿ ಹಾಗಲ್ಲ, ಮುಳುಗಿದ ಬಂಡೆಗಳ ಮೇಲೆ ಅಲ್ಲಲ್ಲಿ ತೇಪೆ ಹಾಕಿದಂತೆ ಗಟ್ಟಿ ಹವಳ ಹಬ್ಬಿದೆ. ಇರುವುದೇ ಅಷ್ಟು, ಹಾಗಾಗಿ ಒಂದು ತೇಪೆ ಹೋದರೂ ದೊಡ್ಡ ನಷ್ಟ. ಮುರು ಮೀನು ಅಡಗುವುದು ಈ ಸಂದುಗಳಲ್ಲೇ.

ಗುಡ್ಡೆಯಾಕಾರದ ಪೊರೈಟಿಸ್ ಹವಳ ವರ್ಷಕ್ಕೆ ಬೆಳೆಯುವುದು ಸುಮಾರು 1 ಸೆಂ.ಮೀ. ಮೊಣಕಾಲೆತ್ತರ ಬರಲು ಅರ್ಧ ಶತಮಾನ ಬೇಕು. ಜೀವ ಇರುವುದು ಮೇಲಿನ ಕೆಲವೇ ಮಿ.ಮೀ. ಪದರದಲ್ಲಿ, ಕೆಳಗಿನದೆಲ್ಲ ಸುಣ್ಣದ ಕಲ್ಲು. ಲಂಗರಿಗಿಂತ ಅದರ ಸರಪಳಿಯೇ ಹೆಚ್ಚು ಹಾಳು ಮಾಡುತ್ತದೆ. ಗಾಳಿ ತಿರುಗಿದಂತೆ ಬೋಟೂ ತಿರುಗಿ, ಸರಪಳಿ ತಳವನ್ನು ಉಜ್ಜುತ್ತಾ ಹೋಗುತ್ತದೆ. ಚಿಕ್ಕ ಗಾಯವಾದರೆ ಅಂಚಿನಿಂದ ಮುಚ್ಚಿಕೊಳ್ಳುತ್ತದೆ. ದೊಡ್ಡದಾದರೆ ಅಷ್ಟರಲ್ಲಿ ಪಾಚಿ ಹತ್ತಿರುತ್ತದೆ. ಎದ್ದ ಹೂಳು ಅಕ್ಕಪಕ್ಕದ ಹವಳದ ಮೇಲೆ ಕೂತು ಬೆಳಕನ್ನೂ ತಡೆಯುತ್ತದೆ. ಹವಳದ ಮೈಯೊಳಗಿನ ಸೂಕ್ಷ್ಮ ಪಾಚಿ ಬಿಸಿಲಿನಿಂದ ತಯಾರಿಸುವುದೇ ಅದರ ಮುಖ್ಯ ಆಹಾರ. ಅದು ಕಡಿಮೆಯಾದ ಹೊತ್ತಿನಲ್ಲೇ ಲೋಳೆ ಸುರಿಸಿ ಹೂಳು ತೊಳೆದುಕೊಳ್ಳುವ ಖರ್ಚು ಬೇರೆ.

ಬೇಸಿಗೆಯ ವಾಡಿಕೆಯ ಗರಿಷ್ಠಕ್ಕಿಂತ 1 ಡಿಗ್ರಿ ಹೆಚ್ಚಿನ ಬಿಸಿ ನಾಲ್ಕು ವಾರ ಉಳಿದರೆ ಸಾಕು, ಹವಳ ಆ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳತೊಡಗುತ್ತದೆ. ಲಕ್ಷದ್ವೀಪ 1998, 2010, 2016ರಲ್ಲಿ ಇದನ್ನು ಕಂಡಿದೆ. ಕಡಲ ಬಿಸಿ ಇಳಿಸುವುದು ಮುರುಡೇಶ್ವರದವರ ಕೈಯಲ್ಲಿಲ್ಲ. ಸರಪಳಿಯ ಗಾಯ ತಪ್ಪಿಸುವುದು ಖಂಡಿತ ಇದೆ.

ಬೋಯ್‌ಗೆ ಕಾಂಕ್ರೀಟ್ ತೂಕವನ್ನು ಮರಳಿನ ಮೇಲೆ ಮಾತ್ರ ಇಳಿಸಬೇಕು. ಮರಳಿಲ್ಲದಿದ್ದರೆ ಹವಳವಿಲ್ಲದ ಬಂಡೆ ಕೊರೆದು ಸ್ಟೀಲ್ ಕೊಂಡಿ ಕೂರಿಸಬೇಕು. ನೀರಿನ ನಡುಮಟ್ಟದಲ್ಲಿ ಹಗ್ಗಕ್ಕೆ ಇನ್ನೊಂದು ಚಿಕ್ಕ ತೇಲುಬುರುಡೆ ಕಟ್ಟಿದರೆ ಇಳಿತದಲ್ಲೂ ಹಗ್ಗ ತಳ ಉಜ್ಜದು. ಜೂನ್‌ಗೆ ಮೊದಲು ಮೇಲಿನ ಭಾಗ ಬಿಚ್ಚಿಡಬೇಕು. ಇಲ್ಲವಾದರೆ ಮುಂಗಾರಿನ ಅಲೆಗೆ ಹರಿದು ಆ ಹಗ್ಗವೇ ಹವಳಕ್ಕೆ ಸುತ್ತಿಕೊಳ್ಳುತ್ತದೆ. ಮತ್ತೆ ಕಟ್ಟುವಾಗ ಶಾಕಲ್ (ಜೋಡಣೆಯ ಲೋಹದ ಕೊಂಡಿ) ಸವೆದಿದೆಯೇ ನೋಡಬೇಕು. ಬೋಟು ಕಿತ್ತುಹೋಗುವುದು ಹೆಚ್ಚಾಗಿ ಅಲ್ಲೇ.

ಗಟ್ಟಿ ಹವಳಗಳೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿವೆ, ಹುಲಿಯ ಜೊತೆಗೆ. ಅರಣ್ಯ, ಮೀನುಗಾರಿಕೆ, ಪ್ರವಾಸೋದ್ಯಮ ಇಲಾಖೆಗಳು ಒಬ್ಬರ ಮೇಲೊಬ್ಬರು ಹಾಕದೆ, ನಿರ್ವಹಣೆಯ ಹೊಣೆ ಒಂದೇ ಇಲಾಖೆಗೆ ವಹಿಸಲಿ. ಬೋಯ್‌ಗೆ ಕಟ್ಟುವುದನ್ನು ಡೈವಿಂಗ್ ಪರವಾನಗಿಯ ಷರತ್ತು ಮಾಡಲಿ. ಮೀನುಗಾರರ ದೋಣಿಗಳಿಗೂ ಅವು ಉಚಿತವಾಗಿ ಸಿಗಬೇಕು.

— ಓದುಗರು, ಹೊನ್ನಾವರ