ಬುತ್ತಿಯ ಬಟ್ಟೆ ಇನ್ನೂ ನಮ್ಮ ಮನೆಯಲ್ಲಿದೆ

ಕಳೆದ ಭಾನುವಾರ ನನ್ನ ಹೆಂಡತಿ ಯಾರ ಕೈಯನ್ನೂ ಹಿಡಿಯದೆ ಬೀದರಿನ ಮಂಗಲಪೇಟೆಯ ನಮ್ಮ ಚರ್ಚಿಗೆ ನಡೆದು ಬಂದಳು. ದೇವರ ಉಪಕಾರವನ್ನು ಸಭೆಯ ಮುಂದೆ ಸಾಕ್ಷಿಯಾಗಿ ಹೇಳಲು ಎದ್ದು ನಿಂತ ನನಗೆ ಗಂಟಲು ಕಟ್ಟಿತು, ಕುಳಿತುಬಿಟ್ಟೆ. ಅಲ್ಲಿ ಉಳಿದ ಮಾತುಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ಅವಳ ಕಾಯಿಲೆ ಏನು, ಕಲಬುರಗಿಯ ಆಸ್ಪತ್ರೆಯಲ್ಲಿ ಎಷ್ಟು ದಿನ ಇದ್ದೆವು ಎಂಬುದೆಲ್ಲ ಸಭೆಯವರಾದ ನಿಮಗೆ ಗೊತ್ತೇ ಇದೆ.

ರಕ್ತ ಕೊಟ್ಟ ಭಾವಮೈದುನನಿಗೆ, ನನ್ನ ತರಗತಿಗಳನ್ನು ಹಂಚಿಕೊಂಡ ಶಾಲೆಯ ಗೆಳೆಯರಿಗೆ, ಉಪವಾಸವಿದ್ದು ಪ್ರಾರ್ಥಿಸಿದ ಸ್ತ್ರೀಯರ ಕೂಟದವರಿಗೆ, ದಿನ ತಪ್ಪದೆ ಫೋನ್ ಮಾಡಿದ ಪಾಸ್ಟರಿಗೆ, ನಮ್ಮ ಮನೆಯ ಕೀಲಿ ಇಟ್ಟುಕೊಂಡು ನಲ್ಲಿ ಬಂದಾಗಲೆಲ್ಲ ನೀರು ತುಂಬಿಸಿಟ್ಟ ಪಕ್ಕದ ಮನೆಯ ಚಾಚಾನಿಗೆ, ದಾರಿಯಲ್ಲಿ ಇಳಿದು ಕಮಲಾಪುರದ ಕೆಂಪು ಬಾಳೆಹಣ್ಣು ತಂದವರಿಗೆ ವಂದನೆಗಳು. (ಹಣ್ಣನ್ನು ರೋಗಿಗೆ ಕೊಡಬೇಡಿ ಎಂದಿದ್ದರು. ಅಷ್ಟನ್ನೂ ನಾನೇ ತಿಂದೆ, ಈಗ ಒಪ್ಪಿಕೊಳ್ಳುತ್ತೇನೆ.)

ಇನ್ನು ದೊಡ್ಡವ್ವನ ವಿಷಯ. ರಕ್ತಸಂಬಂಧದಲ್ಲಿ ಆಕೆ ನಮಗೆ ಏನೂ ಆಗಬೇಕಿಲ್ಲ. ಶನಿವಾರ ಸಂಜೆ ಚರ್ಚಿನ ಕಸ ಗುಡಿಸಿ ಜಮಖಾನೆ ಹಾಸುವ ಮುದುಕಿ, ಅಕ್ಷರ ಬಾರದವಳು. ಆ ಕೆಟ್ಟ ರಾತ್ರಿ, ಯಾರೂ ಕರೆಯದಿದ್ದರೂ, ಬೀದರಿನಿಂದ ನೂರು ಕಿಲೋಮೀಟರಿಗೂ ಹೆಚ್ಚು ದೂರ ಬಸ್ಸಿನಲ್ಲಿ ಕುಳಿತು ಬಂದಳು.

ಅದೇ ಮಧ್ಯಾಹ್ನ ಒಬ್ಬರು ಬಂದು, ನಿನ್ನ ವಿಶ್ವಾಸದಲ್ಲಿ ಎಲ್ಲೋ ಕೊರತೆ ಇದೆ, ದೇವರನ್ನು ಸರಿಯಾಗಿ ಹುಡುಕಿಲ್ಲ ಎಂದು ಹೇಳಿ ಹೋಗಿದ್ದರು. ಹೆಸರು ಬೇಡ, ಅವರೂ ಇದನ್ನು ಓದುತ್ತಾರೆ. ಬೈಬಲಿನಲ್ಲಿ ಎಲ್ಲವನ್ನೂ ಕಳೆದುಕೊಂಡ ಯೋಬನ ಗೆಳೆಯರು ಏಳು ದಿನ, ಏಳು ರಾತ್ರಿ ಅವನೊಂದಿಗೆ ನೆಲದ ಮೇಲೆ ಸುಮ್ಮನೆ ಕುಳಿತಿದ್ದರು. ಅಷ್ಟರವರೆಗೆ ಒಳ್ಳೆಯವರೇ. ತಪ್ಪು ನಿನ್ನದೇ ಎಂದು ಬಾಯಿ ತೆರೆದ ಮೇಲೆ ಕೆಟ್ಟಿತು. ದೊಡ್ಡವ್ವ ಆ ಏಳು ದಿನಗಳ ಪೈಕಿಯವಳು. ಐಸಿಯು ಹೊರಗಿನ ಮೆಟ್ಟಿಲ ಮೇಲೆ ನನ್ನ ಪಕ್ಕದಲ್ಲಿ ಕುಳಿತು, ಸೆರಗಿನಿಂದ ಸೊಳ್ಳೆ ಓಡಿಸುತ್ತ, ಬಹಳ ಹೊತ್ತು ಒಂದು ಮಾತೂ ಆಡಲಿಲ್ಲ.

ಎರಡು ಗಂಟೆಯ ಸುಮಾರಿಗೆ ನಾನೇ ಬಾಯಿಬಿಟ್ಟೆ. "ಸಾಕಾಯಿತು ದೊಡ್ಡವ್ವ. ದೇವರಿಗೆ ಕಿವಿ ಇಲ್ಲ. ಇನ್ನು ನಾನು ಪ್ರಾರ್ಥನೆ ಮಾಡುವುದಿಲ್ಲ."

"ಹಾಗಾದರೆ ಅದನ್ನು ಆತನಿಗೇ ಹೇಳು ತಮ್ಮಾ," ಎಂದಳು. "ನನಗೇಕೆ ಹೇಳುತ್ತೀ?"

ಆಮೇಲೆ ಮೊಬೈಲಿನಲ್ಲಿ ಬೈಬಲಿನ ಹದಿಮೂರನೆಯ ಕೀರ್ತನೆ ತೆಗೆದು ಓದು ಎಂದಳು. ಆರೇ ವಚನಗಳ ಕೀರ್ತನೆ. ಮೊದಲ ಎರಡರಲ್ಲೇ ದಾವೀದನು ಎಷ್ಟರವರೆಗೆ, ಎಷ್ಟರವರೆಗೆ ಎಂದು ನಾಲ್ಕು ಸಲ ಕೇಳುತ್ತಾನೆ. ನಾನು ಓದುತ್ತಿದ್ದರೆ ಆಕೆ ಬೆರಳು ಮಡಿಸಿ ಎಣಿಸುತ್ತಿದ್ದಳು. ನಾಲ್ಕನೆಯ ಬೆರಳಿಗೆ ಬರುವಷ್ಟರಲ್ಲಿ ನಾನು ಅಳುತ್ತಿದ್ದೆ. ಕಾವಲುಗಾರ ಬಂದು ಗದರಿಸುವಷ್ಟು ಜೋರಾಗಿ ಅತ್ತೆ.

ಹನ್ನೆರಡು ವರ್ಷ ಸಂಡೇ ಸ್ಕೂಲಿನಲ್ಲಿ ಪಾಠ ಮಾಡಿದವನು ನಾನು. ಮನಃಪೂರ್ವಕವಾಗಿ ಹುಡುಕಿದರೆ ನನ್ನನ್ನು ಕಂಡುಕೊಳ್ಳುವಿರಿ ಎಂಬ ಪ್ರವಾದಿ ಯೆರೆಮೀಯನ ಪುಸ್ತಕದ ಮಾತನ್ನು ಮಕ್ಕಳಿಗೆ ಮಗ್ಗಿಯಂತೆ ಬಾಯಿಪಾಠ ಮಾಡಿಸಿದ್ದೇನೆ. ಅದು ಇಪ್ಪತ್ತೊಂಬತ್ತನೆಯ ಅಧ್ಯಾಯದ ಹದಿಮೂರನೆಯ ವಚನ. ಬಾಬೆಲಿಗೆ ಸೆರೆಹೋದ ಯೆಹೂದ್ಯರಿಗೆ ಬರೆದ ಪತ್ರದ ಮಾತು. ಮೂರು ವಚನ ಹಿಂದೆ ಹೋದರೆ, ಬಿಡುಗಡೆಗೆ 70 ವರ್ಷ ಕಾಯಬೇಕು ಎಂದಿದೆ. ಗೋಡೆಯ ಕ್ಯಾಲೆಂಡರಿನಲ್ಲಿ ಹದಿಮೂರನ್ನು ಅಚ್ಚು ಹಾಕುತ್ತಾರೆ, ಹತ್ತನ್ನು ಹಾಕುವುದಿಲ್ಲ. ಹುಡುಕುವುದೆಂದರೆ ತಕ್ಷಣ ಕೈಗೆ ಸಿಗುವುದು ಎಂದು ನಾನೂ ತಿಳಿದಿದ್ದೆ. ಜಗಳವಾಡುವಾಗಲೂ ಮುಖವನ್ನು ಆತನ ಕಡೆಗೇ ಇಟ್ಟುಕೊಳ್ಳುವುದೂ ಹುಡುಕಾಟವೇ ಎಂದು ಆ ಮೆಟ್ಟಿಲ ಮೇಲೆ ತಿಳಿಯಿತು.

ಅಳು ನಿಂತ ಮೇಲೆ ದೊಡ್ಡವ್ವ ಬುತ್ತಿ ಬಿಚ್ಚಿದಳು. ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ. ಮುರಿದರೆ ಇಡೀ ವರಾಂಡಕ್ಕೆ ಸದ್ದು. ಬೇಡವೆಂದೆ, ಬಿಡಲಿಲ್ಲ. ಪ್ರವಾದಿ ಎಲೀಯನು ಸಾವನ್ನು ಬೇಡಿಕೊಂಡು ಅಡವಿಯಲ್ಲಿ ಮಲಗಿದಾಗ ದೇವದೂತ ಬೋಧನೆ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ಇಟ್ಟು ಎಬ್ಬಿಸಿದ, ಅದೂ ಎರಡು ಸಲ. ಹೋರೇಬ್ ಬೆಟ್ಟದಲ್ಲಿ ದೇವರ ಮೆಲುದನಿ ಕೇಳಿಸಿದ್ದು ಆಮೇಲೆ. ನನಗೆ ಯಾವ ದನಿಯೂ ಕೇಳಿಸಲಿಲ್ಲ. ಎರಡು ರೊಟ್ಟಿ ತಿಂದೆ, ಆಕೆಯ ಚೀಲಕ್ಕೆ ತಲೆಯಿಟ್ಟು ನಿದ್ದೆ ಹೋದೆ. ಬೆಳಿಗ್ಗೆಯೂ ವೈದ್ಯರು ಹಿಂದಿನ ದಿನದ ಮಾತನ್ನೇ ಹೇಳಿದರು. ಆದರೂ ಎದ್ದು ಮುಖ ತೊಳೆಯಲು ಆಯಿತು.

ಭಾನುವಾರ ಆರಾಧನೆ ಮುಗಿದ ಮೇಲೆ ಕೈ ಮುಗಿಯಲು ಹೋದರೆ ದೊಡ್ಡವ್ವ ಜಮಖಾನೆ ಸುತ್ತುತ್ತಿದ್ದಳು. "ಅದಿರಲಿ, ನನ್ನ ಬುತ್ತಿಯ ಬಟ್ಟೆ ಎಲ್ಲಿ?" ಎಂದಳು. ಒಗೆದು ಮಡಿಸಿಟ್ಟಿದ್ದೇವೆ ದೊಡ್ಡವ್ವ. ಬರಿದಾಗಿ ಕೊಡಬಾರದು ಎನ್ನುತ್ತಾಳೆ ನನ್ನ ಹೆಂಡತಿ. ರೊಟ್ಟಿ ತಟ್ಟುವಷ್ಟು ಬಲ ಕೈಗೆ ಬರಲಿ ಎಂದು ಕಾಯುತ್ತಿದ್ದಾಳೆ.