ಗಬ್ಬದ ಬೆಕ್ಕಿಗೂ ಮನೆಯಲ್ಲೊಂದು ಮೂಲೆ ಕೊಡಿ

ಸಂಪಾದಕರಿಗೆ ನಮಸ್ಕಾರ,

ತುಳುನಾಡಿನವರು ಬೇಸಗೆಯ ಕೊನೆ ಎಂದು ಲೆಕ್ಕ ಹಾಕುವ ಪತ್ತನಾಜೆ ಕಳೆಯಿತು, ಇನ್ನು ಮಳೆ ಹಿಡಿಯುತ್ತದೆ. ಈ ಹೊತ್ತಿಗೆ ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಪೇಟೆಗಳಲ್ಲಿ ಕಣ್ಣಿಗೆ ಬೀಳುವ ಒಂದು ಸಂಗತಿಯ ಬಗ್ಗೆ ಬರೆಯುತ್ತಿದ್ದೇನೆ. ಮೀನು ಮಾರುವ ಜಾಗದ ಹಿಂದೆಯೋ ಬಸ್ಸು ನಿಲ್ಲುವಲ್ಲಿಯೋ ಒಂದು ರಟ್ಟಿನ ಪೆಟ್ಟಿಗೆ ಇರುತ್ತದೆ. ಒಳಗೆ ಕಣ್ಣು ಬಿಡದ ಬೆಕ್ಕಿನ ಮರಿಗಳು. ಕೆಲವರು ಅಷ್ಟೂ ಕಾಯುವುದಿಲ್ಲ. ಹೊಟ್ಟೆ ಬಂದ ತಾಯಿ ಬೆಕ್ಕನ್ನೇ ಗೋಣಿಯಲ್ಲಿ ಹಾಕಿ ತಂದು ಬಿಟ್ಟು ಹೋಗುತ್ತಾರೆ. ಪತ್ರ ಸ್ವಲ್ಪ ಉದ್ದವಾಗಿದೆ. ದಯವಿಟ್ಟು ಕತ್ತರಿಸದೆ ಹಾಕಿ.

ನಾನು ಹಾಲಿನ ಸೊಸೈಟಿಯಲ್ಲಿ ಹಾಲು ಅಳೆಯುವವಳು. ಊರಿನ ಹಟ್ಟಿಗಳ ಸುದ್ದಿ ಬೆಳಗ್ಗೆ ಸಂಜೆ ನನ್ನ ಕಿವಿಗೆ ಬೀಳುತ್ತದೆ. ಯಾರ ದನ ಬೆದೆಗೆ ಬಂತು, ಯಾವತ್ತು ಗಬ್ಬದ ಇಂಜೆಕ್ಷನ್ ಕೊಡಿಸಿದರು, ಕರು ಯಾವಾಗ, ಎಲ್ಲವೂ ಮನೆಯ ಕ್ಯಾಲೆಂಡರಿನಲ್ಲಿ ಗುರುತಾಗಿರುತ್ತದೆ. ದನದ ಗಬ್ಬ ಸುಮಾರು 280 ದಿನ. ಅಷ್ಟು ದಿನವೂ ಅದರ ಮೇಲೆ ಒಂದು ಕಣ್ಣಿರುತ್ತದೆ. ಕಾಸರಗೋಡು ಗಿಡ್ಡದಂಥ ಸಣ್ಣ ತಳಿಯ ದನವನ್ನು ಸಾಕುವವರು ಅದನ್ನು ಮಗಳಂತೆ ನೋಡಿಕೊಳ್ಳುತ್ತಾರೆ. ಅದೇ ಮನೆಯಲ್ಲಿ ಬೆಕ್ಕಿನ ಸುದ್ದಿ ಕೇಳಿದರೆ ಉತ್ತರ ಒಂದೇ: ‘ಎಲ್ಲೋ ಅಟ್ಟದಲ್ಲಿ ಮರಿ ಹಾಕಿದೆ ಅಂತ ಕಾಣುತ್ತದೆ.’ ಬೆಕ್ಕಿನ ಗಬ್ಬ ಒಂಬತ್ತೇ ವಾರ. ಹೆಚ್ಚಾಗಿ 63ರಿಂದ 65 ದಿನ. ಗೊತ್ತಾಗುವಷ್ಟರಲ್ಲಿ ಅರ್ಧ ಮುಗಿದಿರುತ್ತದೆ.

ಮೊನ್ನೆ ಒಬ್ಬ ಹುಡುಗ ಹಾಲು ಕೊಟ್ಟು ಹೊರಟವನು ನಿಂತು ಕೇಳಿದ. ‘ಅಕ್ಕಾ, ನಮ್ಮ ಬೆಕ್ಕಿಗೆ ಹೊಟ್ಟೆ ಬಂದಿದೆ. ಮನೆಯಲ್ಲಿ ಬೇಡ ಅಂತಾರೆ. ಪೇಟೆಯಲ್ಲಿ ಬಿಟ್ಟರೆ ಹೇಗಾದರೂ ಬದುಕುತ್ತದಲ್ವಾ?’ ಬದುಕುವುದಿಲ್ಲ ಮಾರಾಯ ಎಂದೆ. ಹುಡುಗ ಕೆಟ್ಟವನಲ್ಲ. ಏನು ಮಾಡಬೇಕೆಂದು ಅವನ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅಷ್ಟೇ. ಅವನಿಗೆ ಹೇಳಿದ್ದನ್ನೇ ಇಲ್ಲಿ ಎಲ್ಲರಿಗೂ ಹೇಳುತ್ತೇನೆ.

ಹೆಣ್ಣು ಬೆಕ್ಕು ಬೆದೆಗೆ ಬಂದಾಗ ರಾತ್ರಿಯಿಡೀ ಕೂಗುತ್ತದೆ, ನೆಲದಲ್ಲಿ ಹೊರಳುತ್ತದೆ, ಬೆನ್ನು ತಗ್ಗಿಸಿ ಹಿಂಭಾಗ ಎತ್ತುತ್ತದೆ. ಗಬ್ಬ ಆಗದಿದ್ದರೆ ಎರಡು ಮೂರು ವಾರಕ್ಕೆ ಈ ಕೂಗಾಟ ಮತ್ತೆ ಬರುವುದು ಸಾಮಾನ್ಯ. ಬರಲಿಲ್ಲವೆಂದರೆ ಗಮನಿಸಿ. ಮೂರು ವಾರದ ಹೊತ್ತಿಗೆ ಮೊಲೆತೊಟ್ಟುಗಳು ದಪ್ಪವಾಗಿ ಗುಲಾಬಿ ಬಣ್ಣಕ್ಕೆ ತಿರುಗುತ್ತವೆ. ಮೊದಲ ಸಲ ಗಬ್ಬವಾದ ಬೆಕ್ಕಿನಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಕೆಲವಕ್ಕೆ ಆ ದಿನಗಳಲ್ಲಿ ಒಂದೆರಡು ಸಲ ವಾಂತಿಯೂ ಆಗುತ್ತದೆ. ಐದನೇ ವಾರದಿಂದ ಹೊಟ್ಟೆ ಎರಡೂ ಬದಿಗೆ ಉಬ್ಬುತ್ತದೆ. ಕೊನೆಗೆ ಒಂದರಿಂದ ಎರಡು ಕಿಲೋದಷ್ಟು ತೂಕ ಏರಬಹುದು. ಒಳಗೆ ಎಷ್ಟು ಮರಿ ಇವೆ ಎಂದು ಹೊಟ್ಟೆ ಒತ್ತಿ ನೋಡುವ ಅಭ್ಯಾಸ ಕೆಲವರಿಗಿದೆ. ದಯವಿಟ್ಟು ಬೇಡ, ಮರಿಗಳಿಗೆ ಪೆಟ್ಟಾಗುತ್ತದೆ. ಮೂರೂವರೆ ನಾಲ್ಕು ವಾರದಲ್ಲಿ ಸ್ಕ್ಯಾನ್ ಮಾಡಿದರೆ ಡಾಕ್ಟರಿಗೆ ಗಬ್ಬ ಗೊತ್ತಾಗುತ್ತದೆ. ಕೊನೆಯ ಎರಡು ವಾರದಲ್ಲಿ ಎಕ್ಸ್‌ರೇ ತೆಗೆದರೆ ಮರಿಗಳನ್ನು ಎಣಿಸಬಹುದು. ನಮ್ಮಲ್ಲಿ ಸ್ಕ್ಯಾನಿಗೆಂದು ಮಂಗಳೂರಿಗೆ ಬೆಕ್ಕು ಹೊತ್ತುಕೊಂಡು ಹೋಗುವವರು ಕಡಿಮೆ. ಹೋಗದಿದ್ದರೂ ತೊಟ್ಟು ನೋಡಿ, ದಿನ ಲೆಕ್ಕ ಹಾಕಿ.

ಹಾಗೆಂದು ಹೊಟ್ಟೆ ದೊಡ್ಡದಾದ ಬೆಕ್ಕೆಲ್ಲ ಗಬ್ಬ ಎಂದುಕೊಳ್ಳಬಾರದು. ಹುಳದಿಂದಲೂ ಹೊಟ್ಟೆ ಉಬ್ಬುತ್ತದೆ. ಗರ್ಭಕೋಶದಲ್ಲಿ ಕೀವು ತುಂಬಿದರೂ ಉಬ್ಬುತ್ತದೆ. ಬೆಕ್ಕು ಮಂಕಾಗಿ, ಊಟ ಬಿಟ್ಟು, ನೀರು ಜಾಸ್ತಿ ಕುಡಿಯುತ್ತಿದ್ದರೆ, ಹಿಂದಿನಿಂದ ವಾಸನೆಯ ಕೀವು ಬರುತ್ತಿದ್ದರೆ ಅವತ್ತೇ ಡಾಕ್ಟರಿಗೆ ತೋರಿಸಿ.

ಊಟದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಮೀನು ಮಾಂಸ ತಾರದ ಮನೆಗಳು ತುಂಬಾ ಇವೆ. ಅಲ್ಲಿ ಬೆಕ್ಕಿಗೆ ಸಿಗುವುದು ಮಜ್ಜಿಗೆ ಅನ್ನ ಅಥವಾ ಹಾಲನ್ನ. ಉಳಿದದ್ದನ್ನು ಅದು ತೋಟದಲ್ಲಿ ಇಲಿ ಹಿಡಿದು ಸರಿದೂಗಿಸಿಕೊಳ್ಳುತ್ತದೆ. ಎಳನೀರು, ಅಡಿಕೆ, ಭತ್ತ ಎಲ್ಲಕ್ಕೂ ಇಲಿ ಕಾಟ ಇರುವ ನಮ್ಮಂಥವರಿಗೆ ಬೆಕ್ಕು ಮಾಡುವ ಉಪಕಾರ ಸಣ್ಣದಲ್ಲ. ಆದರೆ ಗಬ್ಬದ ಕೊನೆಗೆ ಅದಕ್ಕೆ ಹಾರಿ ಹಿಡಿಯಲು ಆಗುವುದಿಲ್ಲ. ಬೆಕ್ಕು ಮಾಂಸ ತಿಂದೇ ಬದುಕುವ ಪ್ರಾಣಿ. ಟಾರಿನ್ ಎಂಬ ಸತ್ವ ಅದಕ್ಕೆ ಮಾಂಸ ಮೀನಿನಿಂದಲೇ ಸಿಗಬೇಕು. ಕಡಿಮೆಯಾದರೆ ಮರಿಗಳು ಹೊಟ್ಟೆಯಲ್ಲೇ ಸಾಯುವುದು, ತೀರಾ ಸಣ್ಣದಾಗಿ ಹುಟ್ಟುವುದು ಉಂಟು. ಮನೆಗೆ ಮೀನು ತಾರದವರು ಅಂಗಡಿಯಲ್ಲಿ ಸಿಗುವ, ಬೆಕ್ಕಿನ ಮರಿಗಳಿಗೆಂದೇ ಮಾಡಿದ, ಟಾರಿನ್ ಸೇರಿಸಿದ ಒಣ ತಿಂಡಿ ಕೊಡಬಹುದು. ಗಬ್ಬದ ಬೆಕ್ಕಿಗೂ ಹಾಲೂಡುವ ಬೆಕ್ಕಿಗೂ ಅದು ಒಳ್ಳೆಯದು. ಮೀನು ತರುವವರು ಬೇಯಿಸಿ, ಮುಳ್ಳು ತೆಗೆದು, ಉಪ್ಪು ಖಾರ ಹಾಕದೆ ಕೊಡಿ. ಹೊಟ್ಟೆಯಲ್ಲಿ ಜಾಗ ಕಡಿಮೆ ಇರುವುದರಿಂದ ಒಂದೇ ಸಲ ತುಂಬಾ ಹಾಕದೆ ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪ ಹಾಕಿ. ಹಾಲು ಅಳೆಯುವವಳೇ ಹೀಗೆ ಹೇಳುತ್ತಾಳಲ್ಲ ಎನ್ನಬೇಡಿ, ದನದ ಹಾಲು ಎಷ್ಟೋ ಬೆಕ್ಕುಗಳಿಗೆ ಜೀರ್ಣವಾಗದೆ ಭೇದಿಯಾಗುತ್ತದೆ. ಶುದ್ಧ ನೀರು ಸಾಕು. ಕ್ಯಾಲ್ಸಿಯಂ ಮದ್ದು ಡಾಕ್ಟರು ಹೇಳದೆ ಕೊಡಬೇಡಿ.

ಮದ್ದುಗಳ ವಿಷಯದಲ್ಲಂತೂ ಕೈಮುಗಿದು ಕೇಳಿಕೊಳ್ಳುತ್ತೇನೆ. ನಾವು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಒಂದು ಮಾತ್ರೆಯಿಂದ ಸಾಯಬಹುದು. ದನದ ಉಣ್ಣಿಗೆ, ನಾಯಿಯ ಉಣ್ಣಿಗೆ ಹಾಕುವ ಮದ್ದನ್ನು ಬೆಕ್ಕಿಗೆ ಸವರಬೇಡಿ. ಅದರಲ್ಲಿರುವ ಕೆಲವು ರಾಸಾಯನಿಕಗಳಿಂದ ಬೆಕ್ಕಿಗೆ ನಡುಕ, ಸೆಳೆತ ಬಂದು ಜೀವ ಹೋಗುತ್ತದೆ. ತೋಟಕ್ಕೆ ಇಲಿ ಪಾಷಾಣ ಇಡುವವರೂ ನೆನಪಿಡಿ, ಪಾಷಾಣ ತಿಂದ ಇಲಿಯನ್ನು ತಿಂದರೆ ಬೆಕ್ಕಿಗೂ ಅಪಾಯ.

ಇನ್ನು ಜಾಗ. ದಿನ ತುಂಬುತ್ತಿದ್ದಂತೆ ಬೆಕ್ಕು ಕತ್ತಲೆಯ ಮೂಲೆ ಹುಡುಕುತ್ತದೆ. ಬಟ್ಟೆಯ ಕಪಾಟು, ಅಟ್ಟದ ಅಡಿಕೆ ಗೋಣಿಗಳ ಸಂದು, ಕಟ್ಟಿಗೆ ರಾಶಿ, ಹಟ್ಟಿಯ ಬೈಹುಲ್ಲು. ನಮ್ಮ ಮಳೆಯಲ್ಲಿ ಕಟ್ಟಿಗೆ ರಾಶಿ ಸರಿಯಾದ ಜಾಗವಲ್ಲ. ಥಂಡಿ ಇರುತ್ತದೆ, ಹಾವು ಬರುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ಇರುವೆ ಮುತ್ತುತ್ತದೆ. ಆಗಷ್ಟೇ ಹುಟ್ಟಿದ ಮರಿಗೆ ಇರುವೆ ಹತ್ತಿದರೆ ಉಳಿಯುವುದು ಕಷ್ಟ. ಹೊರಗಿನ ಗಂಡು ಬೆಕ್ಕು ಮರಿಗಳನ್ನು ಕೊಲ್ಲುವುದೂ ಉಂಟು. ಅದಕ್ಕೇ ಎರಡು ವಾರ ಮೊದಲೇ ಮನೆಯೊಳಗೆ ಒಂದು ರಟ್ಟಿನ ಪೆಟ್ಟಿಗೆ ಇಡಿ. ತಾಯಿ ಕಾಲು ಚಾಚಿ ಮಲಗುವಷ್ಟು ದೊಡ್ಡದಿರಲಿ. ಒಂದು ಬದಿಯಲ್ಲಿ ಬಾಗಿಲು ಕತ್ತರಿಸಿ. ತಾಯಿ ದಾಟುವಷ್ಟು, ಆದರೆ ಮರಿ ಉರುಳಿ ಹೊರಗೆ ಬೀಳದಷ್ಟು ಎತ್ತರದ ಅಂಚು ಬಿಡಿ. ಅಡಿಯಲ್ಲಿ ಪೇಪರು, ಮೇಲೆ ಹಳೆಯ ಹತ್ತಿ ಸೀರೆ. ಉಣ್ಣೆಯ ಬಟ್ಟೆ, ನೂಲು ಬಿಟ್ಟ ಚಾದರ ಬೇಡ, ಉಗುರು ಸಿಕ್ಕಿಹಾಕಿಕೊಳ್ಳುತ್ತದೆ. ಸುತ್ತ ಇರುವೆ ಪುಡಿ ಹಾಕದೆ, ಪೆಟ್ಟಿಗೆಯನ್ನು ಒಂದು ಸಣ್ಣ ಮಣೆಯ ಮೇಲಿಟ್ಟು ಮಣೆಯ ಕಾಲುಗಳನ್ನು ನೀರು ತುಂಬಿದ ತೆಂಗಿನ ಗೆರಟೆಗಳಲ್ಲಿ ನಿಲ್ಲಿಸಿ. ತಿಂಡಿ ತಟ್ಟೆಯನ್ನು ಪೆಟ್ಟಿಗೆಯಿಂದ ದೂರ ಇಡಿ. ಇಷ್ಟು ಮಾಡಿದ ಮೇಲೂ ಬೆಕ್ಕು ಬೇರೆ ಮೂಲೆ ಆರಿಸಿಕೊಂಡರೆ ಒತ್ತಾಯ ಮಾಡಬೇಡಿ, ಆ ಮೂಲೆಯನ್ನೇ ಒಣಗಿಸಿ ಕೊಡಿ. ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ ಎಂದು ಹಿರಿಯರು ಹೇಳುತ್ತಾರೆ. ಗಲಾಟೆ, ಬೆಳಕು, ಹೊರಗಿನವರ ಕೈ ಜಾಸ್ತಿಯಾದಾಗಲೇ ಹೀಗೆ ಹೆಚ್ಚಾಗಿ ಸಾಗಿಸುವುದು.

ಹೆರಿಗೆಯ ದಿನ ಬೆಕ್ಕು ಊಟ ಬಿಡುತ್ತದೆ, ಪೆಟ್ಟಿಗೆ ಕೆರೆಯುತ್ತದೆ, ಒಳಗೆ ಹೊರಗೆ ಓಡಾಡುತ್ತದೆ. ಬಾಯಿ ತೆರೆದು ಏದುಸಿರು ಬಿಡಬಹುದು. ಕೆಲವು ಬೆಕ್ಕುಗಳಿಗೆ ಮನೆಯವರು ಪಕ್ಕದಲ್ಲಿರಬೇಕು, ಕೆಲವಕ್ಕೆ ಯಾರೂ ಬೇಡ. ನಮ್ಮ ಮೂರು ಬಣ್ಣದ ಚಿಕ್ಕಿ ನಾನು ಎದ್ದರೆ ತಾನೂ ಎದ್ದು ಹಿಂದೆಯೇ ಬರುತ್ತಿತ್ತು. ಹಾಗಾಗಿ ಚಾಪೆ ಹಾಕಿ ಅಲ್ಲೇ ಕೂತೆ. ಮುಟ್ಟಲಿಲ್ಲ, ಮಾತಾಡಿಸುತ್ತಾ ಇದ್ದೆ. ಮಕ್ಕಳು ಬಾಗಿಲ ಸಂದಿಯಿಂದ ನೋಡಿದರು. ಸಾಮಾನ್ಯವಾಗಿ ಮೂರರಿಂದ ಐದು ಮರಿ. ಒಂದರಿಂದ ಇನ್ನೊಂದಕ್ಕೆ ಹತ್ತು ನಿಮಿಷವೂ ಆಗಬಹುದು, ಒಂದು ಗಂಟೆಯೂ ಆಗಬಹುದು. ತಾಯಿಯೇ ಪೊರೆ ಹರಿದು, ನೆಕ್ಕಿ, ಹೊಕ್ಕುಳಬಳ್ಳಿ ಕಚ್ಚಿ ತುಂಡರಿಸುತ್ತದೆ. ಮಾಸು ತಿನ್ನುವುದೂ ಸಹಜ, ಹೆದರಬೇಡಿ. ತಾಯಿ ಪೊರೆ ಹರಿಯದೆ ಸುಮ್ನೆ ಇದ್ದರೆ ಮಾತ್ರ ಕೈ ತೊಳೆದು ನೀವೇ ಮುಖದ ಬಳಿ ಹರಿದು, ಮೂಗು ಬಾಯಿ ಒರೆಸಿ, ಒಣ ಬೈರಾಸಿನಲ್ಲಿ ಚೆನ್ನಾಗಿ ಉಜ್ಜಿ. ಮರಿ ಕೀಂಯ್ ಎಂದ ಕೂಡಲೇ ತಾಯಿಯ ಹತ್ತಿರ ಇಡಿ. ಬಳ್ಳಿಯನ್ನು ಎಳೆಯಬೇಡಿ.

ಜೋರಾಗಿ ಮುಕ್ಕರಿಯುತ್ತಾ ಅರ್ಧ ಗಂಟೆಯಾದರೂ ಮರಿ ಬಾರದಿದ್ದರೆ, ಮರಿ ಅರ್ಧ ಹೊರಬಂದು ಹತ್ತು ನಿಮಿಷ ಸಿಕ್ಕಿಕೊಂಡಿದ್ದರೆ, ರಕ್ತ ನಿಲ್ಲದೆ ಹರಿದರೆ ಕಾಯಬೇಡಿ. ಡಾಕ್ಟರಿಗೆ ಫೋನ್ ಮಾಡಿ. ದನಕ್ಕೆ ರಾತ್ರಿ ಹನ್ನೆರಡಕ್ಕೂ ಮಾಡುತ್ತೇವಲ್ವಾ? ಮರಿ ಹಾಕಿದ ಮೇಲೆ ತಾಯಿಗೆ ನಡುಕ ಬಂದರೆ, ಮೊಲೆ ಕಲ್ಲಿನಂತೆ ಗಟ್ಟಿಯಾದರೆ, ಸ್ರಾವ ನಾರಿದರೆ ಅದೂ ತುರ್ತೇ.

ಹುಟ್ಟಿದ ಮರಿ ಸುಮಾರು 100 ಗ್ರಾಂ. ಮೊದಲ ದಿನದ ಗಿಣ್ಣುಹಾಲು ಹೊಟ್ಟೆಗೆ ಹೋಗಲೇಬೇಕು. ಕರುವಿಗೆ ರೋಗ ತಡೆಯುವ ಶಕ್ತಿ ಅದರಿಂದ ಬರುತ್ತದೆಂದು ನಮಗೆ ಗೊತ್ತಿದೆ, ಮರಿಗೂ ಅದಕ್ಕೇ. ಮೊದಲ ವಾರಗಳಲ್ಲಿ ಮೈ ಬೆಚ್ಚಗೆ ಇಟ್ಟುಕೊಳ್ಳಲು ಅವಕ್ಕೆ ಬರುವುದಿಲ್ಲ. ಮಳೆಗಾಲದಲ್ಲಿ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಒಂದು ಬದಿಗೆ ಇಡಿ. ತಣ್ಣಗಾದ ಮರಿಗೆ ಹಾಲು ಹಾಕಬೇಡಿ, ಮೊದಲು ಬೆಚ್ಚಗೆ ಮಾಡಿ. ಕಣ್ಣು ಬಿಡುವುದು ಏಳರಿಂದ ಹದಿನಾಲ್ಕು ದಿನದೊಳಗೆ. ನಾಲ್ಕು ವಾರಕ್ಕೆ ಮೆತ್ತಗಿನ ತಿಂಡಿ ಶುರು ಮಾಡಿ. ಎಂಟು ವಾರ ಆಗುವವರೆಗೆ ತಾಯಿಯಿಂದ ಬೇರೆ ಮಾಡಬೇಡಿ. ಪೆಟ್ಟಿಗೆಗೆ ಕೈ ಹಾಕಿದಾಗ ತಾಯಿ ಪರಚಿದರೆ ಸೋಪು ಹಾಕಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ಹುಚ್ಚುನಾಯಿ ರೋಗ ಬೆಕ್ಕಿನಿಂದಲೂ ಬರುತ್ತದೆ. ಬೆಕ್ಕಿಗೆ ಮೂರು ತಿಂಗಳಾದಾಗ ಅದರ ಲಸಿಕೆ ಹಾಕಿಸಬಹುದು.

ಇನ್ನೊಂದು. ಮನೆಯ ಸೊಸೆ ಬಸುರಿ ಎಂದು ಬೆಕ್ಕನ್ನು ಹೊರಗೆ ಹಾಕುವವರಿದ್ದಾರೆ. ಬೇಡ. ಭಯ ಇರುವುದು ಬೆಕ್ಕಿನ ಹೇಲಿನಲ್ಲಿ ಇರಬಹುದಾದ ಟಾಕ್ಸೊಪ್ಲಾಸ್ಮಾ ಎಂಬ ಜೀವಿಯದು. ಹೊರಬಿದ್ದು ಒಂದು ದಿನವಾದರೂ ಕಳೆಯದೆ ಅದು ಹರಡುವುದಿಲ್ಲ. ಬಸುರಿಯ ಬದಲು ಮನೆಯ ಬೇರೆಯವರು ದಿನಾ ಸ್ವಚ್ಛ ಮಾಡಿ ಕೈ ತೊಳೆದರೆ ಆಯಿತು. ತರಕಾರಿ ತೊಳೆಯುವುದು, ಮಾಂಸ ಚೆನ್ನಾಗಿ ಬೇಯಿಸುವುದು, ಮಣ್ಣಿನ ಕೆಲಸಕ್ಕೆ ಕೈಗವಸು ಹಾಕುವುದೂ ಅಷ್ಟೇ ಮುಖ್ಯ.

ಮರಿಗಳು ಬೇಡ ಎನ್ನುವವರ ಕಷ್ಟ ನನಗೂ ಅರ್ಥವಾಗುತ್ತದೆ. ಅದಕ್ಕೆ ದಾರಿ ಗೋಣಿಯಲ್ಲಿಲ್ಲ, ಆಪರೇಷನಿನಲ್ಲಿದೆ. ಬೆಕ್ಕು ನಾಲ್ಕೈದು ತಿಂಗಳಿಗೇ ಗಬ್ಬವಾಗಬಹುದು. ಮರಿಗಳಿಗೆ ಹಾಲು ಕೊಡುತ್ತಿರುವಾಗಲೇ ಮತ್ತೆ ಗಬ್ಬವಾಗುತ್ತದೆ. ಆದ್ದರಿಂದ ಆ ದಿನಗಳಲ್ಲಿ ಹೊರಗೆ ಬಿಡದೆ, ಮರಿಗಳು ಹಾಲು ಬಿಟ್ಟ ಮೇಲೆ ಡಾಕ್ಟರನ್ನು ಕೇಳಿ ಆಪರೇಷನ್ ಮಾಡಿಸಿ. ಗಂಡು ಬೆಕ್ಕಿಗೂ ಮಾಡಿಸಿ. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಯಿಂದ ನರಳುವಂತೆ ಬಿಟ್ಟು ಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾನೂನಿನಲ್ಲಿ ಅಪರಾಧ ಎಂಬುದೂ ಜನರಿಗೆ ತಿಳಿದಿರಲಿ.

ಪಂಚಾಯತಿನವರಲ್ಲಿ, ಪಶುಸಂಗೋಪನಾ ಇಲಾಖೆಯವರಲ್ಲಿ ನನ್ನ ಬೇಡಿಕೆ ಎರಡೇ. ನಮ್ಮ ಕಡೆಯ ಮೃಗಾಸ್ಪತ್ರೆಗಳಲ್ಲಿ ತಿಂಗಳಿಗೆ ಒಂದು ದಿನ ಬೆಕ್ಕುಗಳ ಆಪರೇಷನಿಗೆಂದೇ ಇಡಿ, ಕಡಿಮೆ ಖರ್ಚಿನಲ್ಲಿ. ನಾನು ಹೋಗುವ ಆಸ್ಪತ್ರೆಯಲ್ಲಿ ಗೋಡೆಯ ತಿಳುವಳಿಕೆ ಪಟ್ಟಿಗಳೆಲ್ಲ ಮಲಯಾಳದಲ್ಲಿವೆ. ಸಾಲಿನಲ್ಲಿ ಕೂತ ಅಜ್ಜಂದಿರು ಅದನ್ನು ಓದಲಾರರು. ಬೆಕ್ಕು ನಾಯಿಗಳ ಗಬ್ಬ, ಲಸಿಕೆ, ಆಪರೇಷನ್ ಬಗ್ಗೆ ಒಂದು ಹಾಳೆಯ ಮಾಹಿತಿ ಕನ್ನಡದಲ್ಲಿ ಮುದ್ರಿಸಿ ಕೊಡಿ. ಹಾಲಿನ ಸೊಸೈಟಿಗಳಿಗೆ ಕಳಿಸಿದರೆ ಹಂಚುವ ಕೆಲಸ ನಾವು ಮಾಡುತ್ತೇವೆ. ನಮ್ಮಲ್ಲಿ ಹಾಲು ಕೊಡಲು ಬರುವ ಪ್ರತಿಯೊಂದು ಮನೆಗೂ ನಾನೇ ಕೈಯಲ್ಲಿ ಕೊಡುತ್ತೇನೆ.

– ಹಾಲಿನ ಸೊಸೈಟಿಯ ಕೆಲಸಗಾರ್ತಿ, ಬದಿಯಡ್ಕ ಪರಿಸರ, ಕಾಸರಗೋಡು ಜಿಲ್ಲೆ