ಗಾಳಿ ಬಾರದ್ದಕ್ಕೆ ಗ್ಯಾಸ್ ಏಕೆ?

ಮಾನ್ಯರೇ,

ಕಾರಿನ ಎ.ಸಿ. ಗಾಳಿ ಕುಗ್ಗಿದರೆ ಸಾಕು, ‘ಗ್ಯಾಸ್ ಖಾಲಿ’ ಎಂದುಬಿಡುವುದು ವಾಡಿಕೆ. ಎ.ಸಿ.ಯನ್ನು ತಂಪಾಗಿಸುವ ಈ ಗ್ಯಾಸ್ ಇಳಿದರೆ ಸಾಮಾನ್ಯವಾಗಿ ಕುಗ್ಗುವುದು ತಂಪು, ಗಾಳಿಯ ರಭಸವಲ್ಲ. ಮೊದಲು ಕಾರಿನೊಳಕ್ಕೆ ಬರುವ ಗಾಳಿಯ ಧೂಳು ಸೋಸುವ ಕ್ಯಾಬಿನ್ ಫಿಲ್ಟರ್ ನೋಡಿ. ಬಹುತೇಕ ಕಾರುಗಳಲ್ಲಿ ಅದು ಗ್ಲವ್ ಬಾಕ್ಸ್ ಹಿಂದಿರುತ್ತದೆ. ಡಬ್ಬಿ ಇಳಿಸಿ ಮುಚ್ಚಳ ತೆಗೆದರೆ ಕೈಗೆ ಸಿಗುತ್ತದೆ. ರಸ್ತೆಯಲ್ಲೇ ರಾಗಿ, ಹುರುಳಿ ಒಕ್ಕುವ, ಕಬ್ಬಿನ ತರಗು ಸುಡುವ ಮಂಡ್ಯ ಸೀಮೆಯಲ್ಲಿ ಕೈಪಿಡಿ ಹೇಳುವ ಅವಧಿ ನೆಚ್ಚಿಕೊಂಡರೆ ಆಗದು, ಅದರ ಅರ್ಧಕ್ಕೇ ತೆಗೆದು ನೋಡಬೇಕು. ಕಾಗದದ ಫಿಲ್ಟರನ್ನು ತೊಳೆಯಬೇಡಿ, ಬದಲಿಸಿ. ಬಾಣದ ಗುರುತು ಗಾಳಿ ಹರಿಯುವ ದಿಕ್ಕಿಗಿರಲಿ.

ಫ್ಯಾನ್ ಕೊನೆಯ ಸ್ಪೀಡಿನಲ್ಲಿ ಮಾತ್ರ ತಿರುಗಿದರೆ ಫ್ಯಾನಿನ ಸ್ಪೀಡ್ ತಗ್ಗಿಸುವ ಬ್ಲೋವರ್ ರೆಸಿಸ್ಟರ್ ಸುಟ್ಟಿರುವುದೇ ಹೆಚ್ಚು. ಹೊಸದೂ ಬೇಗ ಸುಟ್ಟರೆ ಫ್ಯಾನಿನ ಮೋಟಾರ್ ಬಿಗಿಯಾಗಿದೆಯೇ ಪರೀಕ್ಷಿಸಿ. ಸದ್ದು ಜೋರಾಗಿದ್ದೂ ಗಾಳಿ ಮುಖ ಬಿಟ್ಟು ಕಾಲಿಗೇ ಬರುತ್ತಿದ್ದರೆ ದಿಕ್ಕು ಬದಲಿಸುವ ಫ್ಲಾಪ್‌ನ ಕೇಬಲ್ ಅಥವಾ ಅದರ ಪುಟ್ಟ ಮೋಟಾರ್ ಕೆಟ್ಟಿರುತ್ತದೆ.

ಮೈಸೂರಿನಲ್ಲಿ ಚೆನ್ನಾಗಿದ್ದ ಗಾಳಿ ಮದ್ದೂರು ದಾಟುವಷ್ಟರಲ್ಲಿ ಕ್ಷೀಣಿಸಿತೇ? ಗಾಳಿಯನ್ನು ತಂಪಾಗಿಸುವ ಎವಾಪರೇಟರ್ ಮೇಲೆ ಮಂಜುಗಡ್ಡೆ ಕಟ್ಟಿ ದಾರಿ ಮುಚ್ಚಿರಬಹುದು. ಎ.ಸಿ. ಆರಿಸಿ 10–15 ನಿಮಿಷ ಬರೀ ಫ್ಯಾನ್ ಓಡಿಸಿ. ಗಾಳಿ ಮರಳಿದರೆ, ಎವಾಪರೇಟರ್‌ನ ತಂಪು ಅಳೆಯುವ ಸೆನ್ಸರ್ ಆದ ಥರ್ಮಿಸ್ಟರನ್ನು ಮೆಕ್ಯಾನಿಕ್‌ಗೆ ತೋರಿಸಿ. ಗ್ಯಾಸ್ ಕಡಿಮೆಯಾದರೂ ಹೀಗೆ ಮಂಜುಗಡ್ಡೆ ಕಟ್ಟಬಹುದು, ಹಾಗಾಗಿ ಗ್ಯಾಸ್ ಕೊರತೆಯನ್ನು ಶಂಕಿಸಬೇಕಾದ್ದೂ ಇಲ್ಲೇ.

– ಒಬ್ಬ ಕಾರು ಮೆಕ್ಯಾನಿಕ್, ಮಂಡ್ಯ